ಫೀನಿಕ್ಸ್ ಬಿಸಿಲಿಗೆ ಯಾವ ಸೇಬು? ಹನಿಕ್ರಿಸ್ಪ್ ಕಾಯಿ ಕಚ್ಚುತ್ತಿಲ್ಲ

ಪ್ರಶ್ನೆ

ಊರು ಅರಿಜೋನಾದ ಫೀನಿಕ್ಸ್ ಪಕ್ಕದ ಚಾಂಡ್ಲರ್. ಹನಿಕ್ರಿಸ್ಪ್ ನೆಟ್ಟು ನಾಲ್ಕು ವರ್ಷ. ಏಪ್ರಿಲ್ ಬಂದರೂ ಅರ್ಧ ಕೊಂಬೆಗಳು ಬೋಳು. ಹೂವು ಹತ್ತೋ ಹನ್ನೆರಡೋ, ಕಾಯಿ ಒಂದೂ ನಿಂತಿಲ್ಲ. ಹೊಸ ಎಲೆಗಳು ಹಳದಿ, ನರ ಮಾತ್ರ ಹಸಿರು. ಕಾಂಡದ ನೈಋತ್ಯ ಬದಿಯ ತೊಗಟೆ ಸೀಳಿದೆ, ಸೀಳಿನಿಂದ ಮರದ ಹುಡಿ ಉದುರುತ್ತಿದೆ. ಹನಿ ನೀರಾವರಿ ದಿನಾ 20 ನಿಮಿಷ. ಗೊಬ್ಬರ ಹೆಚ್ಚಿಸಬೇಕಾ?

ಉತ್ತರ 1

ಗೊಬ್ಬರ ಬೇಡ, ತಳಿ ಬದಲಿಸಿ. ಹನಿಕ್ರಿಸ್ಪ್‌ಗೆ 7 ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು 800 ಗಂಟೆ ಬೇಕು. ನಿಮ್ಮ ಬಯಲಲ್ಲಿ ಅದರ ಅರ್ಧ ಸಿಕ್ಕರೆ ಹೆಚ್ಚು. ಚಳಿ ಸಾಲದ ಮೊಗ್ಗುಗಳು ಒಟ್ಟಿಗೆ ಏಳುವುದಿಲ್ಲ. ತುದಿಯಲ್ಲೊಂದು, ನಡುವೆ ಎರಡು ಒಡೆದು ಉಳಿದವು ಮಲಗೇ ಇರುತ್ತವೆ. ನಿಮ್ಮ ಬೋಳು ಕೊಂಬೆಗಳಿಗೆ ಇದೇ ಕಾರಣ.

ಆನಾ ಮತ್ತು ಡಾರ್ಸೆಟ್ ಗೋಲ್ಡನ್ ಜೋಡಿಯಾಗಿ ನೆಡಿ. ಆನಾ ಇಸ್ರೇಲಿನ ಐನ್ ಶೆಮೆರ್ ಕಿಬ್ಬುಟ್ಸ್‌ನ (ಸಾಮೂಹಿಕ ಕೃಷಿ ಗ್ರಾಮ) ತಳಿ, ಡಾರ್ಸೆಟ್ ಬಹಾಮಾಸ್‌ನದು. ಎರಡಕ್ಕೂ 300 ಗಂಟೆಯ ಒಳಗಿನ ಚಳಿ ಸಾಕು. ಒಂದೇ ಹೊತ್ತಿಗೆ ಹೂ ಬಿಡುವುದರಿಂದ ಒಂದರ ಪರಾಗ ಇನ್ನೊಂದಕ್ಕೆ ಒದಗುತ್ತದೆ. ಆನಾ ಒಂಟಿಯಾಗಿಯೂ ಸ್ವಲ್ಪ ಕಾಯಿ ಕೊಟ್ಟೀತು, ಆದರೆ ಜೋಡಿಯಿದ್ದರೆ ಫಸಲಿನ ಮಾತೇ ಬೇರೆ.

ರೂಟ್‌ಸ್ಟಾಕ್ (ಕಸಿಯ ಬುಡಕ್ಕಿರುವ ಬೇರುಗಿಡ) ಎಂಎಂ 111 ಇರಲಿ. ಎಂ 9ರಂಥ ಕುಳ್ಳು ಬೇರಿನದು ಮರುಭೂಮಿಗೆ ಆಗದು. ಬೇರು ಮೇಲ್ಮಣ್ಣಲ್ಲೇ ಉಳಿದು ಬೇಯುತ್ತದೆ.

ಪ್ರಶ್ನೆ

ಪಿಂಕ್ ಲೇಡಿಗೂ ಚಳಿ ಕಡಿಮೆ ಸಾಕಂತಲ್ಲ? ರುಚಿ ಅದರದೇ ಇಷ್ಟ.

ಉತ್ತರ 1

ಬೆಳೆಯುತ್ತದೆ, ಹೂವೂ ಬಿಡುತ್ತದೆ. ಎಡವುವುದು ಹಣ್ಣಾಗುವ ತಿಂಗಳಲ್ಲಿ. ಆನಾ ಫೆಬ್ರವರಿಯಲ್ಲಿ ಹೂ ಬಿಟ್ಟು ಜೂನ್‌ನಲ್ಲಿ ಕೊಯ್ಲಿಗೆ ಬರುತ್ತದೆ. ಪಿಂಕ್ ಲೇಡಿ ಶರತ್ಕಾಲದವರೆಗೆ ಕೊಂಬೆಯಲ್ಲೇ ಇರಬೇಕು, ಅಂದರೆ ಜುಲೈ, ಆಗಸ್ಟ್ ಎರಡನ್ನೂ ದಾಟಬೇಕು. ಹಣ್ಣಿನ ಸಿಪ್ಪೆ 46 ಡಿಗ್ರಿ ದಾಟಿದರೆ ಕಂದು ಮಚ್ಚೆ, 52ರ ಹತ್ತಿರ ಹೋದರೆ ಆ ಭಾಗ ಬೆಂದೇ ಹೋಗುತ್ತದೆ. ಬಿಸಿಲಿಗೆ ಮುಖ ಕೊಟ್ಟ ಹಣ್ಣಿನ ಸಿಪ್ಪೆ ಗಾಳಿಗಿಂತ ಹತ್ತು ಡಿಗ್ರಿಗೂ ಹೆಚ್ಚು ಕಾಯುತ್ತದೆ. ಹಾಗಾಗಿ ಮರುಭೂಮಿಯಲ್ಲಿ ತಳಿ ಆರಿಸುವಾಗ ಚಳಿಯ ಗಂಟೆ ನೋಡಿದ ಮೇಲೆ ಕೊಯ್ಲಿನ ತಿಂಗಳನ್ನೂ ನೋಡಲೇಬೇಕು. ಆಸೆ ಬಿಡಲಾಗದಿದ್ದರೆ ಪಶ್ಚಿಮಕ್ಕೆ ಶೇ 30ರ ನೆರಳು ಬಲೆ ಕಟ್ಟಿ.

ಉತ್ತರ 2

ಕಾಂಡದ ವಿಷಯ ಯಾರೂ ಹೇಳಲಿಲ್ಲ, ಹೊಸ ಗಿಡವನ್ನೂ ಕೊಲ್ಲುವುದು ಅದೇ. ಬಿಸಿಲಿಗೆ ಸುಟ್ಟ ತೊಗಟೆಯಲ್ಲಿ ಚಪ್ಪಟೆ ತಲೆಯ ಕೊರಕ ಮೊಟ್ಟೆಯಿಡುತ್ತದೆ, ಹುಡಿ ಅದರದ್ದು. ಸಡಿಲವಾದ ತೊಗಟೆಯನ್ನು ಚೂಪು ಚಾಕುವಿನಿಂದ ಹಸಿ ಅಂಚು ಕಾಣುವವರೆಗೆ ಬಿಡಿಸಿ. ಹುಡಿ ತುಂಬಿದ ದಾರಿಯ ಕೊನೆಯಲ್ಲಿ ಬಿಳಿ ಹುಳ ಸಿಗುತ್ತದೆ, ತಂತಿಯಿಂದ ಚುಚ್ಚಿ ತೆಗೆಯಿರಿ. ಗಾಯಕ್ಕೆ ಡಾಂಬರು ಬಳಿಯಬೇಡಿ. ಹೊಸ ಗಿಡಕ್ಕೆ ನೆಟ್ಟ ದಿನವೇ ಬಿಳಿ ಲೇಟೆಕ್ಸ್ ಪೇಂಟನ್ನು ಅಷ್ಟೇ ನೀರಿಗೆ ಬೆರೆಸಿ, ಬುಡದಿಂದ ಮೊದಲ ಕವಲಿನವರೆಗೆ ಸುತ್ತ ಬಳಿಯಿರಿ. ಆಯಿಲ್ ಪೇಂಟ್ ಬೇಡ.

ದಿನಾ 20 ನಿಮಿಷದ ನೀರು ಮೇಲಷ್ಟೇ ಒದ್ದೆ ಮಾಡಿ ಉಪ್ಪನ್ನು ಬೇರಿನ ಬಳಿಯೇ ಬಿಡುತ್ತದೆ. ಎಲೆಯ ಅಂಚು ಸುಟ್ಟಂತಾಗಿದ್ದರೆ ಅದು ಉಪ್ಪಿನ ಗುರುತು. ನೀರು 60 ಸೆಂ.ಮೀ. ಆಳಕ್ಕೆ ಇಳಿಯುವಷ್ಟು ಹೊತ್ತು ಬಿಡಿ, ಆಮೇಲೆ ಕಬ್ಬಿಣದ ಸರಳು ಚುಚ್ಚಿ ನೋಡಿ: ಒದ್ದೆ ಇರುವಲ್ಲಿಯವರೆಗೆ ಸಲೀಸಾಗಿ ಇಳಿದು, ಒಣಮಣ್ಣು ತಾಗಿದೊಡನೆ ನಿಲ್ಲುತ್ತದೆ. ಬೇರೂರಿದ ಮರಕ್ಕೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಹೀಗೆ ಸಾಕು, ಎಳೆ ಗಿಡಕ್ಕೆ ಮೂರು ನಾಲ್ಕು ದಿನಕ್ಕೊಮ್ಮೆ. ಬುಡದಿಂದ ಒಂದು ಗೇಣು ಬಿಟ್ಟು ನಾಲ್ಕಿಂಚು ಮರದ ಚಕ್ಕೆ ಹೊದಿಸಿ.

ಹಳದಿ ಎಲೆ, ಹಸಿರು ನರ ಅಂದರೆ ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇದೆ, ಪಿಎಚ್ 8ರಷ್ಟು ಕ್ಷಾರವಿರುವುದರಿಂದ ಬೇರಿಗೆ ಸಿಗುತ್ತಿಲ್ಲ. ಚೀಲದ ಮೇಲೆ ಇಡಿಡಿಎಚ್‌ಎ (ಕಬ್ಬಿಣವನ್ನು ಬೇರಿಗೆ ಸಿಗುವಂತೆ ಹಿಡಿದಿಡುವ ವಸ್ತು) ಎಂದಿರುವ ಕಬ್ಬಿಣವನ್ನೇ ಕೊಳ್ಳಿ. ಅಗ್ಗದ ಇಡಿಟಿಎ ಈ ಮಣ್ಣಿನಲ್ಲಿ ಬೇಗ ಕೈಕೊಡುತ್ತದೆ.

ನೆಡುವ ಮುನ್ನ ಗುಂಡಿ ತುಂಬ ನೀರು ಹಾಕಿ. 24 ಗಂಟೆಯಲ್ಲಿ ಇಂಗದಿದ್ದರೆ ಕೆಳಗೆ ಸುಣ್ಣಗಲ್ಲಿನ ಪದರ ಇದೆ: ಹಾರೆಯಿಂದ ಒಡೆಯಿರಿ, ಇಲ್ಲವೇ ಜಾಗ ಬದಲಿಸಿ. ಬರಿಬೇರಿನ ಸಸಿಗೆ ಜನವರಿ ಸರಿಯಾದ ಕಾಲ, ಕಸಿಗಂಟು ಮಣ್ಣಿನಿಂದ ಮೂರಿಂಚು ಮೇಲಿರಲಿ.

ಪ್ರಶ್ನೆ

ಇದೇ ಜೋಡಿ ಕಲಬುರಗಿಯಲ್ಲಿ ಆದೀತಾ?

ಉತ್ತರ 1

ಬಿಸಿಲು ಹೋಲುತ್ತದೆ, ಚಳಿಗಾಲ ಹೋಲುವುದಿಲ್ಲ. ಅಲ್ಲಿ ರಾತ್ರಿ 7 ಡಿಗ್ರಿಗೆ ಇಳಿಯುವುದೇ ಅಪರೂಪ. ಚಳಿಗಾಲವೇ ಇಲ್ಲದ ಇಂಡೋನೇಷ್ಯಾದ ಬಾಟುವಿನಲ್ಲಿ ಕೊಯ್ಲಾದ ಮೇಲೆ ಎಲೆಗಳನ್ನೆಲ್ಲ ಕೈಯಿಂದ ಕಿತ್ತು ಮರವನ್ನು ಚಿಗುರಿಸುತ್ತಾರೆ. ಅದು ತಂಪಾದ ಬೆಟ್ಟದೂರು ಎನ್ನುವುದು ನೆನಪಿರಲಿ. ಪ್ರಯೋಗಕ್ಕೆ ಹಿಮಾಚಲದ ಕಡಿಮೆ ಚಳಿಯ ಸೇಬು ತಳಿ ಎಚ್‌ಆರ್‌ಎಂಎನ್ 99ರ ಎರಡು ಸಸಿ ನೆಟ್ಟು ನೋಡಬಹುದು, ಎಕರೆಗಟ್ಟಲೆ ಹಾಕಬೇಡಿ.