ತೆಂಗಿನೆಣ್ಣೆ ಗಟ್ಟಿಯಾಗುವುದಕ್ಕೂ ಜೀವಕೋಶಕ್ಕೂ ಏನು ಸಂಬಂಧ?

ಪೆರ್ಲದವಳು:
ಈ ಚಳಿಗೆ ಬೆಳಿಗ್ಗೆ ನಮ್ಮಲ್ಲಿ ತೆಂಗಿನೆಣ್ಣೆ ಬಾಟ್ಲಿಯೊಳಗೇ ಗಟ್ಟಿ. ಅಜ್ಜಿ ಅದನ್ನು ಬಚ್ಚಲ ಒಲೆ ಪಕ್ಕ ಇಡುತ್ತಾರೆ. ಅದೇ ಕಪಾಟಿನ ಸೂರ್ಯಕಾಂತಿ ಎಣ್ಣೆ ಮಾತ್ರ ನೀರಿನ ಹಾಗೆ. ಕೋಶದ ಪೊರೆಯದ್ದೂ ಇದೇ ಕಥೆ ಅಂತ ಕ್ಲಾಸಿನಲ್ಲಿ ಹೇಳಿದರು. ಹಾಗಾದರೆ ಅಣುವಿನಲ್ಲೇ ಗಟ್ಟಿ, ಮೆತ್ತಗೆ ಅಂತ ಇದೆಯಾ?

ಕುಂಬ್ಳೆ ಮಾಷ್ಟ್ರು:
ಒಂಟಿ ಅಣುವಿಗೆ ಅದೆಲ್ಲ ಇಲ್ಲ ತಂಗೀ, ಅದು ಗುಂಪಿನ ವಿಷಯ. ಸೌದೆ ಒಟ್ಟುವಾಗ ನೋಡಿ, ನೆಟ್ಟಗಿನ ತುಂಡುಗಳು ಒತ್ತಾಗಿ ಕೂರುತ್ತವೆ, ನಡುವೆ ನಾಲ್ಕು ಡೊಂಕು ಗೆಲ್ಲು ಸೇರಿದರೆ ಬರೀ ಸಂದು. ಎಣ್ಣೆಯ ಅಣುವಿಗೆ ಇಂಗಾಲದ ಸರಪಳಿಯ ಉದ್ದ ಬಾಲಗಳಿವೆ, ಅವೇ ಕೊಬ್ಬಿನಾಮ್ಲಗಳು. ಅಂಥ ಎರಡು, ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲ, ಎರಡರಲ್ಲೂ 18 ಇಂಗಾಲ. ಓಲಿಯಿಕ್‌ನಲ್ಲಿ ಎರಡೇ ಹೈಡ್ರೋಜನ್ ಕಡಿಮೆ, ಆ ಜಾಗದಲ್ಲಿ ಬಾಲ ಸೊಟ್ಟ. ಅಷ್ಟಕ್ಕೇ ನೆಟ್ಟಗಿನ ಸ್ಟಿಯರಿಕ್ ಕರಗಲು ಸುಮಾರು 69 ಡಿಗ್ರಿ ಬೇಕು, ಸೊಟ್ಟ ಓಲಿಯಿಕ್‌ಗೆ 13 ಸಾಕು! ಸೂರ್ಯಕಾಂತಿಯಲ್ಲಿ ಸೊಟ್ಟ ಬಾಲಗಳೇ ಜಾಸ್ತಿ.

ಅಡಿಕೆ ತೋಟ:
ತೆಂಗಿನೆಣ್ಣೆಯಲ್ಲಿ ನೂರಕ್ಕೆ ಸುಮಾರು 90 ನೆಟ್ಟಗಿನದೇ ಅಲ್ವಾ? ಮತ್ತೆ ಬೇಸಿಗೆಯಲ್ಲಿ ಯಾಕೆ ನೀರಾಗುತ್ತದೆ?

ಕುಂಬ್ಳೆ ಮಾಷ್ಟ್ರು:
ಒಳ್ಳೇ ಕಡೆ ಹಿಡಿದಿರಿ ಮಾರಾಯ್ರೆ. ಬಾಲ ಗಿಡ್ಡ. ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಎಂಬ ಕೊಬ್ಬಿನಾಮ್ಲ, ಬರೀ 12 ಇಂಗಾಲ. ಗಿಡ್ಡ ಬಾಲಗಳಿಗೆ ಒಂದನ್ನೊಂದು ಹಿಡಿದುಕೊಳ್ಳುವ ಬಲ ಕಡಿಮೆ, ಹಾಗಾಗಿ 24 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ.

ಬದಿಯಡ್ಕ ಲ್ಯಾಬು:
ಪೊರೆಗೆ ಬಂದರೆ ಎಣ್ಣೆಯ ಹೋಲಿಕೆ ಅರ್ಧ ದಾರಿವರೆಗೆ ಮಾತ್ರ. ಪೊರೆಯ ಅಣುವಿಗೆ ನೀರನ್ನು ಇಷ್ಟಪಡುವ ತಲೆ ಇದೆ, ನೀರಿಗೆ ಹೆದರುವ ಎರಡು ಬಾಲ ಇವೆ. ಸಾಬೂನಿಗೆ ಒಂದೇ ಬಾಲ, ತಲೆ ಅಗಲ, ಆದ್ದರಿಂದ ಅವು ಸೇರಿದರೆ ಉಂಡೆ. ಎರಡು ಬಾಲದವು ತಲೆಯಿಂದ ತುದಿವರೆಗೆ ಒಂದೇ ದಪ್ಪ, ಉಂಡೆಯಾಗಿ ಬಾಗಲು ಆಗುವುದಿಲ್ಲ, ಎರಡು ಪದರದ ಹಾಳೆಯಾಗುತ್ತವೆ. ಯಾರೂ ಜೋಡಿಸುವುದು ಬೇಡ, ದಪ್ಪ ಸುಮಾರು 5 ನ್ಯಾನೋಮೀಟರ್. ಚಳಿಗೆ ಈ ಹಾಳೆಯೂ ಅಜ್ಜಿಯ ಬಾಟ್ಲಿಯ ಹಾಗೆ ಬಿಗಿಯಬಹುದು. ಅದಕ್ಕೇ ಇ. ಕೋಲಿ ಬ್ಯಾಕ್ಟೀರಿಯಾವನ್ನು ತಣ್ಣಗೆ ಬೆಳೆಸಿದರೆ ಅದು ಸೊಟ್ಟ ಬಾಲಗಳನ್ನೇ ಜಾಸ್ತಿ ಮಾಡಿಕೊಳ್ಳುತ್ತದೆ. ಅದಕ್ಕೆ ಬಚ್ಚಲ ಒಲೆ ಇಲ್ಲವಲ್ಲ!

ಪೆರ್ಲದವಳು:
ಈಗ ಅರ್ಥ ಆಯಿತು. ತುಪ್ಪ ಮರಳು ಮರಳಾಗುವುದೂ ಹೀಗೇನಾ ಮಾಷ್ಟ್ರೇ?

ಕುಂಬ್ಳೆ ಮಾಷ್ಟ್ರು:
ಹೌದು. ಅದರಲ್ಲಿ ಎರಡೂ ಬೆರೆತಿವೆ. ನಿಧಾನ ತಣಿದರೆ ನೆಟ್ಟಗಿನವು ಮೊದಲು ಹರಳಾಗುತ್ತವೆ, ಸೊಟ್ಟಗಿನವು ಸುತ್ತ ಎಣ್ಣೆಯಾಗಿಯೇ ಉಳಿಯುತ್ತವೆ. ಗಬಕ್ಕನೆ ಫ್ರಿಜ್ಜಿನಲ್ಲಿಟ್ಟು ನೋಡಿ, ಮರಳು ಅಷ್ಟು ದಪ್ಪ ಬರುವುದಿಲ್ಲ.