ವೈಲ್ಡ್‌ಲೈಫ್ ಡಾಕ್ಯುಮೆಂಟರಿ ಫೀಲ್ಡಿಗೆ ಬರ್ಬೇಕು ಅಂದ್ರೆ ಎಲ್ಲಿಂದ ಶುರು ಮಾಡ್ಲಿ?

ಮಳೆಕಾಡು
ನಮಸ್ಕಾರ ಎಲ್ರಿಗೂ. ನಮ್ಮೂರು ತೀರ್ಥಹಳ್ಳಿ ಹತ್ರ, ಬಿಎಸ್ಸಿ ಈ ವರ್ಷ ಮುಗೀತು. 2020ರಲ್ಲಿ ಥಿಯೇಟರಲ್ಲಿ ನಮ್ಮ ಕಾಡುಗಳ ಡಾಕ್ಯುಮೆಂಟರಿ 'ವೈಲ್ಡ್ ಕರ್ನಾಟಕ' ನೋಡಿದಾಗಿಂದ ಇದೇ ಕೆಲಸ ಮಾಡ್ಬೇಕು ಅಂತ ಆಸೆ, ಮನೇಲಿ ಬಿಎಡ್ ಮಾಡು ಅಂತಿದಾರೆ. ಸಾಲ ಮಾಡಿ ಕ್ಯಾಮೆರಾ, ದೂರದ ಪ್ರಾಣೀನ ಹತ್ರ ತೋರಿಸೋ 600 ಎಂಎಂ ಲೆನ್ಸ್ ತಗೊಳ್ಳೋದಾ, ಇಲ್ಲ ಫಿಲ್ಮ್ ಕೋರ್ಸ್ ಸೇರೋದಾ? ಇದ್ರಲ್ಲಿ ಜೀವನ ನಡಿಯುತ್ತಾ?

ಕಾಳಿದಂಡೆ
ಸಾಲ ಮಾತ್ರ ಮಾಡ್ಬೇಡಿ. ನಾನು ಕ್ಯಾಮೆರಾ ಅಸಿಸ್ಟೆಂಟು, ದೊಡ್ಡ ಶೂಟಲ್ಲಿ ಲೆನ್ಸು ಟ್ರೈಪಾಡು ಎಲ್ಲ ಬಾಡಿಗೆಗೆ ಬರುತ್ತೆ, ಬಾಡಿಗೆಗೆ ಸಿಗದೇ ಇರೋದು ಪ್ರಾಣಿ ಯಾವ ಹೊತ್ತಿಗೆ ಯಾವ ದಾರೀಲಿ ಬರುತ್ತೆ ಅಂತ ಗೊತ್ತಿರೋ ಜನ. ವೈಲ್ಡ್‌ಲೈಫ್ ಫಿಲ್ಮ್ ಮಾಡೋ ಜೋಡಿ ಕೃಪಾಕರ-ಸೇನಾನಿ ಬಂಡೀಪುರದ ಕಡೆ ವರ್ಷಗಟ್ಟಲೆ ಸೀಳುನಾಯಿ ಹಿಂದೆ ಓಡಾಡಿದ್ರು, ಅಷ್ಟೆಲ್ಲ ಆದ್ಮೇಲೆ 2010ರಲ್ಲಿ ಅವ್ರ ಸೀಳುನಾಯಿ ಫಿಲ್ಮ್ 'ದಿ ಪ್ಯಾಕ್'ಗೆ ಇಂಗ್ಲೆಂಡಿನ ಬ್ರಿಸ್ಟಲ್‌ನ ವೈಲ್ಡ್‌ಸ್ಕ್ರೀನ್ ಪಾಂಡಾ ಅವಾರ್ಡ್ ಬಂತು, ಗ್ರೀನ್ ಆಸ್ಕರ್ ಅಂತಾರಲ್ಲ ಅದೇ. ದುಡ್ಡು ದಿನದ ಲೆಕ್ಕ, ಶೂಟ್ ಇಲ್ದಿದ್ರೆ ಇಲ್ಲ, ಮದುವೆ ವಿಡಿಯೋ ಮಾಡ್ಕೊಂಡೇ ಕಾಡಿಗೆ ಬರೋರು ತುಂಬಾ ಜನ ಇದಾರೆ. ಬಿಎಡ್ ಮಾಡಿದ್ರೂ ನಷ್ಟ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಕತ್ತರಿಕೆಲಸ
ನಾನು ಎಡಿಟರ್. ಹೊಸಬ್ರ ಫೂಟೇಜಲ್ಲಿ ಬರೀ ಕ್ಲೋಸಪ್ ಇರುತ್ತೆ, ಅದ್ರಿಂದ ಸೀಕ್ವೆನ್ಸ್, ಅಂದ್ರೆ ಶಾಟ್ ಜೋಡಿಸಿ ಕಥೆ ಹೇಳೋ ದೃಶ್ಯ, ಕಟ್ಟೋಕಾಗಲ್ಲ. ನಿಮ್ಮ ಕಡೆ ಹಳ್ಳಗಳಲ್ಲಿ ಕುಣಿಯೋ ಕಪ್ಪೆ ಇದ್ಯಲ್ಲ, ನೀರಿನ ಸದ್ದಲ್ಲಿ ಕೂಗು ಕೇಳ್ಸೋದು ಕಷ್ಟ ಅಂತ ಗಂಡು ಹಿಂಗಾಲು ಚಾಚಿ ಬೆರಳು ಬಿಡಿಸಿ ತೋರಿಸುತ್ತೆ, ಅದನ್ನೇ ತೆಗೀರಿ. ಹಳ್ಳ, ಕಲ್ಲು, ಕಾಲು, ಆಚೆ ಕಲ್ಲಿನ ಮೇಲಿರೋ ಇನ್ನೊಂದು ಗಂಡು ತಿರುಗಿ ನೋಡೋದು, ಎಲ್ಲ ಬೇರೆ ಬೇರೆ ಶಾಟ್. ಹಳ್ಳದ ಸೌಂಡ್ ಪ್ರತ್ಯೇಕ ರೆಕಾರ್ಡ್ ಮಾಡಿ. ಇಂಥ ಮೂರು ನಿಮಿಷ ತೋರಿಸಿದ್ರೆ ಯಾವ ಸರ್ಟಿಫಿಕೇಟೂ ಕೇಳಲ್ಲ ನಾನು.

ಬೇಲಿಯಾಚೆ
ಒಂದು ಮುಖ್ಯವಾದ ವಿಷ್ಯ, ಅಭಯಾರಣ್ಯ, ನ್ಯಾಷನಲ್ ಪಾರ್ಕ್ ಒಳಗೆ ಶೂಟ್ ಮಾಡೋಕೆ ಅರಣ್ಯ ಇಲಾಖೆ ಪರ್ಮಿಷನ್ ಇಲ್ದೆ ಆಗಲ್ಲ, ಡ್ರೋನ್ ಅಂತೂ ಮುಟ್ಲೇಬೇಡಿ. ನಿಮ್ಮ ತೋಟದಿಂದಾನೇ ಶುರು ಮಾಡಿ. ಶಾಟ್ ಚೆನ್ನಾಗಿ ಬರ್ಲಿ ಅಂತ ಗೂಡಿನ ಮುಂದಿನ ಕೊಂಬೆ ಕಡಿಯೋರನ್ನ ನೋಡಿದೀನಿ, ಮರೆ ಹೋದ್ರೆ ಮರಿಗಳು ಬಿಸಿಲಿಗೆ, ಕಾಗೆಗೆ ಸಿಕ್ಕಿ ಸಾಯ್ತವೆ. ಹಂಗೆ ಮಾಡೋದಾದ್ರೆ ಈ ಕೆಲಸಕ್ಕೇ ಬರ್ಬೇಡಿ.

ಮಳೆಕಾಡು
ತುಂಬಾ ಥ್ಯಾಂಕ್ಸ್. ಲೆನ್ಸ್ ಆಸೆ ಬಿಟ್ಟೆ, ಅಣ್ಣನ ಹಳೇ ಕ್ಯಾಮೆರಾ ಇದೆ. ಮಳೇಲಿ ಫಂಗಸ್ ಹಿಡಿಯುತ್ತಲ್ಲ, ಏನ್ ಮಾಡ್ತೀರಿ?

ಕಾಳಿದಂಡೆ
ರಬ್ಬರ್ ಇರೋ ಗಾಳಿ ಆಡದ ಡಬ್ಬಿ, ಒಳಗೆ ತೇವ ಹೀರೋ ಸಿಲಿಕಾ ಜೆಲ್ ಹರಳು, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ. ಒದ್ದೆ ಕ್ಯಾಮೆರಾ ಬ್ಯಾಗಲ್ಲೇ ಬಿಟ್ಟು ಮಲಗ್ಬೇಡಿ, ಎಷ್ಟೇ ಸುಸ್ತಾಗಿದ್ರೂ ಒರೆಸಿಟ್ಟೇ ಊಟ.