ಎಕ್ಸ್‌ಚೇಂಜ್ ಖಾತೆಯಿಂದ ಕ್ರಿಪ್ಟೊ ಕಳವು: ದೂರನ್ನು ಹೇಗೆ ಮುಂದುವರಿಸಬೇಕು?

ಪ್ರಶ್ನೆ – ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ಭಾರತದಲ್ಲಿ ನೋಂದಣಿಯಾಗಿರುವ ಒಂದು ಕ್ರಿಪ್ಟೊ ಎಕ್ಸ್‌ಚೇಂಜ್‌ನಲ್ಲಿ ನನ್ನ ಖಾತೆ ಇದೆ. ದೂರು ಇನ್ನೂ ಆರಂಭದ ಹಂತದಲ್ಲಿರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಕಳೆದ ವಾರ ಬೆಳಗಿನ ಜಾವ ನನ್ನ ಖಾತೆಯಲ್ಲಿದ್ದ ಬಿಟ್‌ಕಾಯಿನ್ ಮತ್ತು ಈಥರ್ ಎರಡನ್ನೂ ಯಾರೋ ಮಾರಿ, ಬಂದ ಮೊತ್ತವನ್ನೆಲ್ಲ ಯುಎಸ್‌ಡಿಟಿಗೆ (ಡಾಲರಿನ ಮೌಲ್ಯಕ್ಕೆ ಕಟ್ಟಿದ ಕ್ರಿಪ್ಟೊ) ಬದಲಾಯಿಸಿ, ಟ್ರಾನ್ ಎಂಬ ಬ್ಲಾಕ್‌ಚೈನ್ ಜಾಲದ ಒಂದು ಅಪರಿಚಿತ ವಿಳಾಸಕ್ಕೆ ಕಳುಹಿಸಿದ್ದಾರೆ. ಸುಮಾರು ನಾಲ್ಕೂವರೆ ಲಕ್ಷ ರೂಪಾಯಿಯ ಮೌಲ್ಯ. ನಾನು ಎದ್ದು ಇಮೇಲ್ ನೋಡುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

ಒಟಿಪಿ ಕೇಳುವ ಯಾವ ಕರೆಯೂ ನನಗೆ ಬಂದಿರಲಿಲ್ಲ. ಸಿಮ್ ಕೂಡ ನಿಂತುಹೋಗಿರಲಿಲ್ಲ. ಎರಡನೇ ಹಂತದ ದೃಢೀಕರಣಕ್ಕೆ ನಾನು ಬಳಸುವುದು ಎಸ್ಸೆಮ್ಮೆಸ್ ಅಲ್ಲ, ಆಗಾಗ ಬದಲಾಗುವ ಆರಂಕಿಯ ಸಂಖ್ಯೆ ತೋರಿಸುವ ಅಥೆಂಟಿಕೇಟರ್ ಆ್ಯಪ್. ಹೀಗಿದ್ದರೂ ಸಂಸ್ಥೆಯವರು, ವರ್ಗಾವಣೆಯು ನನ್ನ ಖಾತೆಯ ಸರಿಯಾದ ದೃಢೀಕರಣದಿಂದಲೇ ನಡೆದಿದೆ, ಆದ್ದರಿಂದ ತಮ್ಮ ಹೊಣೆ ಏನೂ ಇಲ್ಲ ಎಂದು ಎರಡು ಸಾಲಿನ ಉತ್ತರ ಕಳುಹಿಸಿದ್ದಾರೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ ಸ್ವೀಕೃತಿ ಸಂಖ್ಯೆ ಪಡೆದಿದ್ದೇನೆ. ಹಣ ಹೋದ ಬ್ಯಾಂಕ್ ಖಾತೆಯ ಸಂಖ್ಯೆ, ಯುಟಿಆರ್ (ಬ್ಯಾಂಕ್ ವರ್ಗಾವಣೆಯ ಗುರುತು) ಸಂಖ್ಯೆ ಕೇಳಿದಾಗ ಕೊಡಲು ನನ್ನ ಬಳಿ ಏನೂ ಇರಲಿಲ್ಲ, ಏಕೆಂದರೆ ಇಲ್ಲಿ ಬ್ಯಾಂಕೇ ಇಲ್ಲ.

ನನ್ನ ಪ್ರಶ್ನೆಗಳು ಇವು. ಬ್ಯಾಂಕ್ ಖಾತೆಯಿಂದ ಹಣ ಕಳುವಾದಾಗ ಗ್ರಾಹಕನಿಗೆ ಸಿಗುವ ರಕ್ಷಣೆ ಇಲ್ಲಿಯೂ ಅನ್ವಯಿಸುತ್ತದೆಯೇ? ಪೊಲೀಸರಿಗೆ ಯಾವ ವಿವರ ಕೊಟ್ಟರೆ ತನಿಖೆ ಮುಂದೆ ಸಾಗುತ್ತದೆ? ಎಕ್ಸ್‌ಚೇಂಜ್ ವಿರುದ್ಧ ಪರಿಹಾರ ಕೇಳಲು ದಾರಿ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 – ಹಳೇ ಹೂಡಿಕೆದಾರ

ಕಠಿಣವಾಗಿ ಕಂಡರೂ ಹೇಳುತ್ತೇನೆ: ಆ ಹಣವನ್ನು ಮರೆತುಬಿಡಿ. ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ 2024ರ ಜುಲೈ 18ರಂದು 23 ಕೋಟಿ ಡಾಲರ್‌ಗೂ ಹೆಚ್ಚಿನ ಮೌಲ್ಯದ ಕ್ರಿಪ್ಟೊ ಕಳುವಾಯಿತು. ಅದರ ಹಿಂದೆ ಉತ್ತರ ಕೊರಿಯಾದವರಿದ್ದಾರೆಂದು ಅಮೆರಿಕ, ಜಪಾನ್ ಮತ್ತು ದಕ್ಷಿಣ ಕೊರಿಯಾ ಸರ್ಕಾರಗಳು 2025ರ ಜನವರಿಯಲ್ಲಿ ಒಟ್ಟಾಗಿ ಹೇಳಿದವು. ಅಷ್ಟು ದೊಡ್ಡ ಪ್ರಕರಣದಲ್ಲಿಯೇ ಗ್ರಾಹಕರು ಸಿಂಗಪುರದ ನ್ಯಾಯಾಲಯದ ತೀರ್ಮಾನಕ್ಕಾಗಿ ವರ್ಷಕ್ಕೂ ಹೆಚ್ಚು ಕಾಲ ಕಾದು ಕುಳಿತರು. ವಹಿವಾಟು ಮತ್ತೆ ಶುರುವಾದದ್ದು 2025ರ ಅಕ್ಟೋಬರ್‌ನಲ್ಲಿ. ನಾಲ್ಕೂವರೆ ಲಕ್ಷಕ್ಕೆ ಯಾರು ಓಡಾಡುತ್ತಾರೆ? ಠಾಣೆಗೆ ಅಲೆದು ಚಪ್ಪಲಿ ಸವೆಸುವುದಷ್ಟೇ ಉಳಿಯುತ್ತದೆ.

ಉತ್ತರ 2 – ವಕೀಲ, ಧಾರವಾಡ

ಮೇಲಿನ ಉತ್ತರದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ವಜೀರ್‌ಎಕ್ಸ್‌ನಲ್ಲಿ ಕಳುವಾದದ್ದು ಸಂಸ್ಥೆಯ ವಾಲೆಟ್‌ನಿಂದ (ಕ್ರಿಪ್ಟೊ ಇಡುವ ಖಜಾನೆ). ನಷ್ಟ ಎಲ್ಲ ಗ್ರಾಹಕರ ತಲೆಯ ಮೇಲೆ ಹಂಚಿಕೆಯಾಯಿತು. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಇನ್ನೊಂದು ಎಕ್ಸ್‌ಚೇಂಜ್‌ನಿಂದ ಸುಮಾರು 4.4 ಕೋಟಿ ಡಾಲರ್ ಕಳುವಾದಾಗಲೂ ಹೋದದ್ದು ಸಂಸ್ಥೆಯ ಆಂತರಿಕ ಖಾತೆಯ ಹಣ, ಅದನ್ನು ಸಂಸ್ಥೆಯೇ ತನ್ನ ನಿಧಿಯಿಂದ ಭರಿಸಿತು. ಉದ್ಯೋಗಿಯೊಬ್ಬರ ಲ್ಯಾಪ್‌ಟಾಪ್‌ನ ಲಾಗಿನ್ ವಿವರಗಳು ದುರ್ಬಳಕೆಯಾದ ಬಗ್ಗೆ ಬೆಂಗಳೂರು ಪೊಲೀಸರು ತನಿಖೆ ನಡೆಸಿದರು. ನಿಮ್ಮದು ಒಬ್ಬ ಗ್ರಾಹಕನ ಖಾತೆಗೆ ನುಗ್ಗಿದ ಪ್ರಕರಣ. ಮೊತ್ತ ಚಿಕ್ಕದಿರಬಹುದು, ಆದರೆ ಕಳ್ಳ ಯಾವುದೋ ದೇಶದ ಸರ್ಕಾರದ ಪಡೆಯಾಗಿರುವ ಸಂಭವ ಕಡಿಮೆ, ಹಣವನ್ನು ರೂಪಾಯಿಗೋ ಡಾಲರಿಗೋ ಬದಲಾಯಿಸಿಕೊಳ್ಳುವ ಅವಸರ ಅವನಿಗೆ ಹೆಚ್ಚು. ಆ ಅವಸರದಲ್ಲಿಯೇ ಅವನು ಸಿಕ್ಕಿಬೀಳುವ ಸಾಧ್ಯತೆ ಇರುವುದು.

ಮೊದಲ ಪ್ರಶ್ನೆಗೆ ಉತ್ತರ: ಇಲ್ಲ. ಗ್ರಾಹಕನ ತಪ್ಪಿಲ್ಲದೆ ನಡೆದ ಅನಧಿಕೃತ ವಿದ್ಯುನ್ಮಾನ ವರ್ಗಾವಣೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆ ಇಲ್ಲ ಎಂಬ ನಿಯಮ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಿಂದ ಬಂದದ್ದು; ಅದು ಬ್ಯಾಂಕುಗಳಿಗೆ ಹೊರಡಿಸಿದ ಸುತ್ತೋಲೆ, ಎಕ್ಸ್‌ಚೇಂಜ್‌ಗಳಿಗಲ್ಲ. ಅದೇ ಕಾರಣಕ್ಕೆ ಬ್ಯಾಂಕ್ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಬಳಿಗೂ ಹೋಗಲಾಗದು.

ಎರಡನೆಯದು ಮುಖ್ಯವಾದದ್ದು. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಗೆ ಲಿಖಿತ ದೂರು ಕೊಟ್ಟು ಎಫ್‌ಐಆರ್ ಮಾಡಿಸಿ. 1930ರ ಸ್ವೀಕೃತಿ ಸಂಖ್ಯೆಯೊಂದೇ ಸಾಲದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಜೊತೆಗೆ ಓದಿಕೊಳ್ಳುವ 66, ಹಾಗೂ ಬೇರೆಯವರ ಪಾಸ್‌ವರ್ಡ್ ಮುಂತಾದ ಗುರುತನ್ನು ವಂಚನೆಯಿಂದ ಬಳಸಿದ್ದಕ್ಕೆ 66ಸಿ, ಇವು ನಿಮ್ಮ ಪ್ರಕರಣಕ್ಕೆ ನೇರವಾಗಿ ಹೊಂದುತ್ತವೆ. ಠಾಣೆಯ ವ್ಯಾಪ್ತಿಯ ಮಾತು ಬಂದರೆ, ವ್ಯಾಪ್ತಿ ಯಾವುದೇ ಇರಲಿ ದೂರು ಸ್ವೀಕರಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೇಳುತ್ತದೆ ಎಂಬುದನ್ನು ವಿನಯದಿಂದಲೇ ನೆನಪಿಸಿ. ದೂರಿನಲ್ಲಿ ಬ್ಯಾಂಕ್ ಖಾತೆ ಸಂಖ್ಯೆಯ ಜಾಗದಲ್ಲಿ ಬರಬೇಕಾದದ್ದು ಟ್ರಾನ್ಸಾಕ್ಷನ್ ಹ್ಯಾಶ್ (ಪ್ರತಿ ಕ್ರಿಪ್ಟೊ ವರ್ಗಾವಣೆಗೂ ಇರುವ ಗುರುತಿನ ಸಾಲು) ಮತ್ತು ಹಣ ತಲುಪಿದ ವಿಳಾಸ. ಇವನ್ನು ಕೈಯಲ್ಲಿ ಬರೆಯಬೇಡಿ. ಟ್ರಾನ್ ವಿಳಾಸ ದೊಡ್ಡ ಅಕ್ಷರದ ‘ಟಿ’ಯಿಂದ ಆರಂಭವಾಗುವ 34 ಅಕ್ಷರಗಳ ಸಾಲು, ಒಂದು ಅಕ್ಷರ ತಪ್ಪಿದರೂ ತನಿಖೆ ಅಲ್ಲಿಗೇ ನಿಲ್ಲುತ್ತದೆ. ಮುದ್ರಿತ ಪ್ರತಿಯ ಜೊತೆಗೆ ಪೆನ್‌ಡ್ರೈವ್‌ನಲ್ಲಿಯೂ ಕೊಡಿ.

ಇನ್ನೊಂದು ವಿಷಯವನ್ನು ಬಹಳ ಜನ ಕೇಳುವುದೇ ಇಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕ್ರಿಪ್ಟೊ ಎಕ್ಸ್‌ಚೇಂಜ್‌ಗಳು ಗ್ರಾಹಕರ ಕೆವೈಸಿ ಮತ್ತು ವಹಿವಾಟಿನ ದಾಖಲೆಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು; ಪ್ರತಿ ವಹಿವಾಟನ್ನೂ ಐಪಿ ವಿಳಾಸ ಮತ್ತು ಸಮಯದ ಸಮೇತ ಮತ್ತೆ ಕಟ್ಟಿ ನೋಡುವಂತಿರಬೇಕು. ಆದರೆ ಕಂಪ್ಯೂಟರ್ ವ್ಯವಸ್ಥೆಗಳ ಸಾಮಾನ್ಯ ಲಾಗ್‌ಗಳಿಗೆ ಇರುವ ಅವಧಿ 180 ದಿನ ಮಾತ್ರ. ಹೀಗಾಗಿ ಇಂದೇ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆದು, ಕಳೆದ ಮೂರು ತಿಂಗಳ ಲಾಗಿನ್, ಸಾಧನ, ಐಪಿ, ಎಪಿಐ (ಪ್ರೋಗ್ರಾಮ್ ಮೂಲಕ ಖಾತೆ ನಡೆಸುವ ವ್ಯವಸ್ಥೆ) ಮತ್ತು ವಿತ್‌ಡ್ರಾವಲ್ ದಾಖಲೆಗಳನ್ನು ಅಳಿಸದೆ ಕಾಯ್ದಿರಿಸಬೇಕೆಂದು ಕೋರಿ. ಅವರು ಅವನ್ನು ನಿಮಗೆ ಕೊಡದಿದ್ದರೂ, ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ ಅಡಿ ಪೊಲೀಸರು ಕೇಳಿದಾಗ ಕೊಡಲೇಬೇಕು. ‘ಸರಿಯಾದ ದೃಢೀಕರಣ’ ಎಂಬ ಅವರ ವಾದ ನಿಲ್ಲುತ್ತದೆಯೋ ಬೀಳುತ್ತದೆಯೋ ಎಂಬುದು ಆ ದಾಖಲೆಗಳ ಮೇಲೆಯೇ ನಿಂತಿದೆ.

ಪರಿಹಾರಕ್ಕೆ ಎರಡು ಬಾಗಿಲುಗಳಿವೆ. ಸೇವಾನ್ಯೂನತೆಯೆಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಅಷ್ಟಾಗಿ ಯಾರೂ ತಟ್ಟದ ಇನ್ನೊಂದು ಬಾಗಿಲು ಮಾಹಿತಿ ತಂತ್ರಜ್ಞಾನ ಕಾಯ್ದೆಯ 46ನೇ ಸೆಕ್ಷನ್ ಅಡಿಯ ನ್ಯಾಯನಿರ್ಣಯ ಅಧಿಕಾರಿ. ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯೇ ಆ ಅಧಿಕಾರಿ, ಐದು ಕೋಟಿ ರೂಪಾಯಿವರೆಗಿನ ಪರಿಹಾರದ ಕೋರಿಕೆಯನ್ನು ಅವರು ವಿಚಾರಿಸಬಹುದು. ಕ್ರಿಪ್ಟೊಗೆ ಕಾನೂನಿನ ಮಾನ್ಯತೆಯೇ ಇಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವಜೀರ್‌ಎಕ್ಸ್ ಗ್ರಾಹಕರೊಬ್ಬರ ಅರ್ಜಿಯಲ್ಲಿ ಮದ್ರಾಸ್ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ, ಕ್ರಿಪ್ಟೊ ಎಂಬುದು ಆಸ್ತಿ, ಅದನ್ನು ಒಬ್ಬರ ಪರವಾಗಿ ಇನ್ನೊಬ್ಬರು ವಿಶ್ವಾಸದ ಮೇಲೆ ಇಟ್ಟುಕೊಳ್ಳಬಹುದು ಎಂದು ಸ್ಪಷ್ಟವಾಗಿ ಹೇಳಿದೆ. ಅದು ಕರ್ನಾಟಕದ ನ್ಯಾಯಾಲಯಗಳನ್ನು ಕಟ್ಟಿಹಾಕುವ ತೀರ್ಪಲ್ಲ, ಆದರೆ ಮುಂದಿಡಲು ಯೋಗ್ಯವಾದದ್ದು.

ಬೆಣ್ಣೆನಗರಿ

ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು, ವಕೀಲರೇ. ನೀವು ಎಪಿಐ ಎಂದು ಬರೆದದ್ದನ್ನು ನೋಡಿ ಖಾತೆಯ ಆ ಪುಟವನ್ನು ತೆರೆದೆ. ಅಲ್ಲಿ ನಾನು ಸೃಷ್ಟಿಸದ ಒಂದು ಎಪಿಐ ಕೀ ಇದೆ. ಕಳವಿಗೆ ಸುಮಾರು ಎರಡು ವಾರ ಮೊದಲಿನ ದಿನಾಂಕ ತೋರಿಸುತ್ತಿದೆ, ವ್ಯಾಪಾರ ಮತ್ತು ವಿತ್‌ಡ್ರಾವಲ್ ಎರಡಕ್ಕೂ ಅನುಮತಿ ಇದೆ. ಇದರ ಅರ್ಥವೇನು? ಅಳಿಸಿಬಿಡಲೇ?

ಉತ್ತರ 3 – ಪೋರ್ಟ್ 443

ಅಳಿಸುವ ಮೊದಲು ಆ ಪುಟದ ಪೂರ್ಣ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ: ಕೀ ಹೆಸರು, ಸೃಷ್ಟಿಯಾದ ದಿನ ಮತ್ತು ಸಮಯ, ಅನುಮತಿಗಳು, ಐಪಿ ನಿರ್ಬಂಧದ ಸಾಲು. ಆಮೇಲೆ ಕೀಯನ್ನು ನಿಷ್ಕ್ರಿಯಗೊಳಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ, ಬೇರೆ ಕಂಪ್ಯೂಟರ್‌ನಿಂದ ಮೊದಲು ಇಮೇಲ್‌ನ, ನಂತರ ಎಕ್ಸ್‌ಚೇಂಜ್‌ನ ಪಾಸ್‌ವರ್ಡ್ ಬದಲಾಯಿಸಿ. ಇಮೇಲ್‌ನ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ನಿಯಮಗಳನ್ನೂ ನೋಡಿ. ಎಕ್ಸ್‌ಚೇಂಜ್‌ನಿಂದ ಬರುವ ಎಚ್ಚರಿಕೆಗಳು ನೇರವಾಗಿ ಕಸದ ಫೋಲ್ಡರಿಗೆ ಹೋಗುವಂತೆ ಕಳ್ಳರು ಮೊದಲೇ ಏರ್ಪಾಡು ಮಾಡಿಟ್ಟಿರುವುದುಂಟು.

ಇನ್ನು ಅರ್ಥ. ಎಪಿಐ ಕೀ ಎಂದರೆ ಮನುಷ್ಯನ ಬದಲು ಪ್ರೋಗ್ರಾಮ್ ಒಂದು ಖಾತೆಯನ್ನು ನಡೆಸಲು ಕೊಡುವ ಪರವಾನಗಿ. ಸಾಮಾನ್ಯವಾಗಿ ಅದನ್ನು ಸೃಷ್ಟಿಸುವಾಗ ಅಥೆಂಟಿಕೇಟರ್ ಸಂಖ್ಯೆ ಕೇಳುತ್ತದೆ. ಸೃಷ್ಟಿಯಾದ ಮೇಲೆ ಅದರ ಮೂಲಕ ನಡೆಯುವ ವಹಿವಾಟಿಗೆ ಮತ್ತೆ ಕೇಳುವುದಿಲ್ಲ. ಹೀಗಾಗಿ ಕಳ್ಳನಿಗೆ ನಿಮ್ಮ ಆರಂಕಿಯ ಸಂಖ್ಯೆ ಒಂದೇ ಒಂದು ಸಲ ಸಿಕ್ಕಿದರೆ ಸಾಕು. ಅಸಲಿ ಲಾಗಿನ್ ಪುಟದಂತೆಯೇ ಕಾಣುವ, ನೀವು ಒತ್ತಿದ್ದನ್ನು ಆ ಕ್ಷಣವೇ ಅಸಲಿ ತಾಣಕ್ಕೆ ದಾಟಿಸುವ ನಕಲಿ ಪುಟಗಳು ಈಗ ಸಾಮಾನ್ಯ. ನಿಮಗೆ ಲಾಗಿನ್ ಆದಂತೆಯೇ ಕಾಣುತ್ತದೆ, ಅತ್ತ ತೆರೆದ ಸೆಷನ್ ಕಳ್ಳನ ಕೈಯಲ್ಲಿರುತ್ತದೆ. ಕೀ ಸೃಷ್ಟಿಗೆ ಬೇಕಾದ ಸಂಖ್ಯೆಗಾಗಿ ‘ಅವಧಿ ಮೀರಿದೆ, ಮತ್ತೆ ನಮೂದಿಸಿ’ ಎಂಬ ಸಂದೇಶವೊಂದನ್ನು ತೋರಿಸುತ್ತಾರೆ. ಎರಡು ವಾರ ಸುಮ್ಮನಿದ್ದದ್ದು ನೀವು ಆ ದಿನದ ಲಾಗಿನ್ನನ್ನು ಕಳವಿನ ಜೊತೆ ಸೇರಿಸಿ ನೋಡಬಾರದೆಂದು ಇರಬಹುದು. ಆ ಹೊತ್ತಿನ ಬ್ರೌಸರ್ ಹಿಸ್ಟರಿಯನ್ನು ಅಳಿಸಬೇಡಿ, ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಲೂ ಬೇಡಿ, ಅದು ಸಾಕ್ಷ್ಯ.

ಈ ಮಾರ್ಗ ಹೊಸದಲ್ಲ. 2019ರ ಮೇ ತಿಂಗಳಲ್ಲಿ ಬೈನಾನ್ಸ್ ಎಂಬ ವಿದೇಶಿ ಎಕ್ಸ್‌ಚೇಂಜ್‌ನಿಂದ 7,000 ಬಿಟ್‌ಕಾಯಿನ್ ಕಳುವಾದಾಗಲೂ ದಾಳಿಕೋರರು ಬಹಳಷ್ಟು ಗ್ರಾಹಕರ ಎಪಿಐ ಕೀ ಮತ್ತು ದೃಢೀಕರಣ ಸಂಖ್ಯೆಗಳನ್ನು ಮೊದಲೇ ಕೂಡಿಟ್ಟುಕೊಂಡು, ಕಾದಿದ್ದು ಒಂದೇ ಏಟಿಗೆ ಹಣ ಹೊರಗೆ ಸಾಗಿಸಿದ್ದರು. ಅಲ್ಲಿ ಸಂಸ್ಥೆ ತನ್ನ ತುರ್ತು ನಿಧಿಯಿಂದ ನಷ್ಟ ತುಂಬಿಕೊಟ್ಟಿತು. ನಿಮ್ಮ ಸಂಸ್ಥೆಗೆ ಅಂಥ ನಿಧಿ ಇದ್ದರೂ ಒಬ್ಬರ ಖಾತೆಗೆ ಬಳಸುತ್ತಾರೆಂಬ ಭರವಸೆ ಇಟ್ಟುಕೊಳ್ಳಬೇಡಿ. ಆದರೆ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. ವಿತ್‌ಡ್ರಾವಲ್ ಅನುಮತಿ ಇರುವ ಕೀಗೆ ನಿರ್ದಿಷ್ಟ ಐಪಿ ವಿಳಾಸವನ್ನು ನಮೂದಿಸುವುದು ಹಲವು ಎಕ್ಸ್‌ಚೇಂಜ್‌ಗಳಲ್ಲಿ ಕಡ್ಡಾಯ. ನಿಮ್ಮಲ್ಲಿ ಅದು ಕಡ್ಡಾಯವಾಗಿತ್ತಾದರೆ ಕಳ್ಳನ ಸರ್ವರ್‌ನ ಐಪಿ ಅವರ ದಾಖಲೆಯಲ್ಲಿ ಕುಳಿತಿದೆ. ಕಡ್ಡಾಯವಾಗಿರಲಿಲ್ಲವಾದರೆ ಅದು ವಕೀಲರು ಹೇಳಿದ ಸೇವಾನ್ಯೂನತೆಯ ವಾದಕ್ಕೆ ಬಲ. ಎರಡರಲ್ಲಿ ಯಾವ ಉತ್ತರ ಬಂದರೂ ನಿಮಗೆ ಉಪಯೋಗ.

ಹಣದ ಜಾಡನ್ನು ನೀವೇ ನೋಡಬಹುದು. ಟ್ರಾನ್ ಜಾಲದ ವರ್ಗಾವಣೆಗಳನ್ನೆಲ್ಲ ತೋರಿಸುವ ಟ್ರಾನ್‌ಸ್ಕ್ಯಾನ್ ತಾಣದಲ್ಲಿ ಹ್ಯಾಶ್ ಹಾಕಿ, ತಲುಪಿದ ವಿಳಾಸದ ಮೇಲೆ ಒತ್ತಿ, ಹೊರಹೋದ ವರ್ಗಾವಣೆಗಳನ್ನು ಒಂದೊಂದಾಗಿ ಹಿಂಬಾಲಿಸಿ. ಹೆಚ್ಚಾಗಿ ಒಂದೆರಡು ಖಾಲಿ ವಿಳಾಸಗಳನ್ನು ದಾಟಿ ಹಣ ಯಾವುದೋ ದೊಡ್ಡ ಎಕ್ಸ್‌ಚೇಂಜ್‌ನ ಠೇವಣಿ ವಿಳಾಸಕ್ಕೆ ಬಂದು ಸೇರುತ್ತದೆ. ಅಲ್ಲಿಂದ ಅದು ಹರಿಯುವ ದೊಡ್ಡ ವಾಲೆಟ್‌ಗೆ ಆ ಎಕ್ಸ್‌ಚೇಂಜ್‌ನ ಹೆಸರಿನ ಚೀಟಿ ಅಂಟಿರುತ್ತದೆ. ಅಷ್ಟಕ್ಕೆ ನಿಲ್ಲಿಸಿ. ಅದರಾಚೆ ಅಲ್ಲಿ ಎಲ್ಲರ ಹಣವೂ ಬೆರೆತಿರುವುದರಿಂದ ಹಿಂಬಾಲಿಸುವುದರಲ್ಲಿ ಅರ್ಥವಿಲ್ಲ. ಆ ಠೇವಣಿ ವಿಳಾಸ ಯಾರ ಕೆವೈಸಿಗೆ ಸೇರಿದ್ದೆಂದು ತಿಳಿಸುವಂತೆ ಪೊಲೀಸರು ಬರೆಯಬೇಕು. ಯುಎಸ್‌ಡಿಟಿ ಆಗಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ. ಬಿಟ್‌ಕಾಯಿನ್ನನ್ನು ಯಾರೂ ತಡೆಹಿಡಿಯಲಾರರು, ಆದರೆ ಯುಎಸ್‌ಡಿಟಿ ಹೊರಡಿಸುವ ಟೆದರ್ ಸಂಸ್ಥೆ ತನಿಖಾ ಸಂಸ್ಥೆಗಳ ಕೋರಿಕೆಯ ಮೇರೆಗೆ ಒಂದು ವಿಳಾಸದಲ್ಲಿರುವ ಹಣವನ್ನು ಸ್ತಂಭನಗೊಳಿಸಬಲ್ಲದು. ಮಧ್ಯದ ಯಾವುದಾದರೂ ವಿಳಾಸದಲ್ಲಿ ಹಣ ಇನ್ನೂ ಕದಲದೆ ಕುಳಿತಿದ್ದರೆ ತನಿಖಾಧಿಕಾರಿಗೆ ಅದನ್ನೇ ಮೊದಲು ತೋರಿಸಿ.

ಉತ್ತರ 1ರವರಿಂದ ಮತ್ತೆ – ಹಳೇ ಹೂಡಿಕೆದಾರ

ವಕೀಲರ ಮಾತು ಒಪ್ಪುತ್ತೇನೆ, ಆದರೂ ನಿರೀಕ್ಷೆ ದೊಡ್ಡದಾಗಿ ಬೆಳೆಯಬಾರದು. ವಿದೇಶದ ಎಕ್ಸ್‌ಚೇಂಜ್‌ಗೆ ಬರೆದ ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ಖಾತೆ ಖಾಲಿಯಾಗಿರುತ್ತದೆ, ಕೆವೈಸಿಯಲ್ಲಿರುವ ಹೆಸರು ಯಾರೋ ಬಡಪಾಯಿಯಿಂದ ಸಾವಿರ ರೂಪಾಯಿಗೆ ಕೊಂಡ ಗುರುತಾಗಿರುತ್ತದೆ.

ಉತ್ತರ 4 – ಲೆಕ್ಕಪತ್ರ

ಎರಡು ಸಣ್ಣ ವಿಷಯಗಳನ್ನು ಮಾತ್ರ ಸೇರಿಸುತ್ತೇನೆ. ಕಳ್ಳ ನಿಮ್ಮ ಬಿಟ್‌ಕಾಯಿನ್ ಮತ್ತು ಈಥರ್ ಮಾರಿದಾಗ ಎಕ್ಸ್‌ಚೇಂಜ್ ಶೇ 1ರ ಟಿಡಿಎಸ್ ಮುರಿದುಕೊಂಡಿರುತ್ತದೆ, ಅದು ನಿಮ್ಮ ಪ್ಯಾನ್ ಹೆಸರಿನಲ್ಲಿಯೇ ದಾಖಲಾಗಿರುತ್ತದೆ. ಅಂದರೆ ತೆರಿಗೆ ಇಲಾಖೆಯ ಕಣ್ಣಿಗೆ ಆ ಮಾರಾಟ ನೀವೇ ಮಾಡಿದ್ದು. ಮಾರಾಟದಲ್ಲಿ ಲಾಭ ಕಂಡಿದ್ದರೆ ಶೇ 30ರ ತೆರಿಗೆಯ ಪ್ರಶ್ನೆ ಏಳುತ್ತದೆ. ಕ್ರಿಪ್ಟೊ ನಷ್ಟವನ್ನು ಬೇರೆ ಯಾವ ಆದಾಯದ ಎದುರಿಗೂ ಹೊಂದಿಸಿಕೊಳ್ಳಲು 2022ರ ಏಪ್ರಿಲ್‌ನಿಂದ ಅವಕಾಶವಿಲ್ಲ. ಕಳವಾದ ಆಸ್ತಿಯ ಮೇಲೆ ತೆರಿಗೆ ಕಟ್ಟುವ ಈ ಸ್ಥಿತಿ ನನಗೆ ನ್ಯಾಯವೆನಿಸುವುದಿಲ್ಲ, ಆದರೆ ಸುಮ್ಮನಿದ್ದರೆ ನೋಟಿಸ್ ಬರಬಹುದು. ರಿಟರ್ನ್ ಸಲ್ಲಿಸುವ ಮೊದಲು ಎಫ್‌ಐಆರ್ ಪ್ರತಿ ಹಿಡಿದುಕೊಂಡು ನಿಮ್ಮ ಲೆಕ್ಕಪರಿಶೋಧಕರನ್ನು ಕಾಣಿ. ಎಫ್‌ಐಆರ್‌ನಲ್ಲಿ ವರ್ಗಾವಣೆಯ ಸಮಯವಷ್ಟೇ ಅಲ್ಲದೆ ಮಾರಾಟದ ಆರ್ಡರ್ ಸಂಖ್ಯೆಗಳೂ ಇರುವಂತೆ ನೋಡಿಕೊಳ್ಳಿ, ಏಕೆಂದರೆ ತೆರಿಗೆಯವರು ಕೇಳುವುದು ಮಾರಾಟದ ಬಗ್ಗೆ.

ಇನ್ನೊಂದು, ಈ ಪ್ರಶ್ನೆ ಹಾಕಿದ ಮೇಲೆ ‘ಹಣ ಮರಳಿಸಿಕೊಡುತ್ತೇವೆ’ ಎಂದು ಟೆಲಿಗ್ರಾಂನಲ್ಲಿಯೋ ವಾಟ್ಸ್ಆ್ಯಪ್‌ನಲ್ಲಿಯೋ ಸಂದೇಶಗಳು ಬಂದೇ ಬರುತ್ತವೆ. ಮುಂಗಡ ಶುಲ್ಕ, ‘ಗ್ಯಾಸ್ ಶುಲ್ಕ’ (ಜಾಲದಲ್ಲಿ ವರ್ಗಾವಣೆಗೆ ತಗಲುವ ಶುಲ್ಕ) ಅಥವಾ ವಾಲೆಟ್‌ನ ರಹಸ್ಯ ಪದಗಳನ್ನು ಕೇಳುವವರೆಲ್ಲ ವಂಚಕರೇ. ಒಮ್ಮೆ ಮೋಸಹೋದವರ ಪಟ್ಟಿಯನ್ನೇ ಇಟ್ಟುಕೊಂಡು ಅವರು ವ್ಯಾಪಾರ ಮಾಡುತ್ತಾರೆ. ಬಂದ ಸಂದೇಶಗಳನ್ನು ಅಳಿಸದೆ ಅದೇ ದೂರಿಗೆ ಸೇರಿಸಿ.

ಬೆಣ್ಣೆನಗರಿ

ಅಂಥ ಒಂದು ಸಂದೇಶ ನಿನ್ನೆಯೇ ಬಂದಿದೆ, ಉತ್ತರಿಸಿಲ್ಲ. ಟ್ರಾನ್‌ಸ್ಕ್ಯಾನ್‌ನಲ್ಲಿ ಹಿಂಬಾಲಿಸಿ ನೋಡಿದೆ: ಹಣ ಎರಡು ಭಾಗವಾಗಿ, ದೊಡ್ಡ ಭಾಗ ಒಂದು ವಿದೇಶಿ ಎಕ್ಸ್‌ಚೇಂಜ್‌ಗೆ ಹೋಗಿದೆ, ಚಿಕ್ಕ ಭಾಗ ಇನ್ನೂ ಮಧ್ಯದ ವಿಳಾಸದಲ್ಲಿಯೇ ಇದೆ. ಕೀಯ ಸ್ಕ್ರೀನ್‌ಶಾಟ್ ತೆಗೆದಿದ್ದೇನೆ, ದಾಖಲೆ ಕಾಯ್ದಿರಿಸುವ ಇಮೇಲ್ ಕಳುಹಿಸಿದ್ದೇನೆ. ನಾಳೆ ಬೆಳಿಗ್ಗೆ ಆ ಎರಡು ವಿಳಾಸಗಳೊಂದಿಗೆ ಠಾಣೆಗೆ ಹೋಗುತ್ತಿದ್ದೇನೆ. ಎಫ್‌ಐಆರ್ ಆದ ಮೇಲೆ ಯಾವ ಸೆಕ್ಷನ್‌ಗಳನ್ನು ಹಾಕಿದ್ದಾರೆಂದು ಇಲ್ಲಿ ತಿಳಿಸುತ್ತೇನೆ.